ಕೈಗೆಟುಕುವ ದೂರ

‘ಕೈಗೆಟುಕುವ ಬೆಲೆ’ ಎನ್ನುವುದು ಜಾಹೀರಾತಿನವರು ಸವೆಸಿ ಸವೆಸಿ ನುಣ್ಣಗೆ ಮಾಡಿಬಿಟ್ಟ ಮಾತು. ಠಾಣೆಯ ಫ್ಲಾಟಿನಿಂದ ಹಿಡಿದು ಅಡುಗೆಮನೆಯ ಮಿಕ್ಸರಿನವರೆಗೆ ಎಲ್ಲವೂ ಕೈಗೆಟುಕುತ್ತದೆ. ಯಾರ ಕೈಗೆ ಎಂದು ಮಾತ್ರ ಯಾರೂ ಹೇಳುವುದಿಲ್ಲ. ಇದೇ ಮಾತನ್ನು ಒಂದು ಟೆಲಿಫೋಟೋ ಲೆನ್ಸಿನ ಪಕ್ಕದಲ್ಲಿಟ್ಟು ನೋಡಿದರೆ ಅದಕ್ಕೆ ಮತ್ತೆ ಮೊನೆ ಬರುತ್ತದೆ. ಏಕೆಂದರೆ ಆ ಲೆನ್ಸ್ ಇರುವುದೇ ಕೈಗೆಟುಕದ್ದನ್ನು ಹತ್ತಿರ ತರುವುದಕ್ಕೆ. ಬೌಂಡರಿಯ ಆಚೆ ನಿಂತವನಿಗೆ ಬ್ಯಾಟು ಹಿಡಿದವನ ಹುಬ್ಬಿನ ಬೆವರು ಕಾಣಬೇಕು. ಎಟುಕದ್ದನ್ನು ಎಟುಕಿಸುವ ಸಾಧನ ಎಟುಕುವ ಬೆಲೆಗೆ ಸಿಗಬೇಕು ಎಂಬುದು ನಮ್ಮಂಥ ಹವ್ಯಾಸಿಗಳ ಹಳೆಯ ಆಸೆ.

ಈ ಆಸೆಯೊಳಗೆ ಎರಡು ಪ್ರಶ್ನೆಗಳಿವೆ. ಎಷ್ಟು ದುಡ್ಡು ಕೊಡಬಹುದು ಎಂಬುದು ಒಂದು. ಇನ್ನೊಬ್ಬರನ್ನು ಎಷ್ಟು ದೂರದಲ್ಲಿ ನಿಂತು ನೋಡಬಹುದು ಎಂಬುದು ಮತ್ತೊಂದು. ಮೊದಲನೆಯದು ಲೆಕ್ಕದ ಪ್ರಶ್ನೆ, ಎರಡನೆಯದು ನೀತಿಯ ಪ್ರಶ್ನೆ, ಒಂದಕ್ಕೊಂದು ಸಂಬಂಧವಿಲ್ಲ ಎಂದು ಮೇಲ್ನೋಟಕ್ಕೆ ಅನ್ನಿಸುತ್ತದೆ. ಸುಮಾರು ಇಪ್ಪತ್ತು ವರ್ಷಗಳಿಂದ ಭಾನುವಾರಗಳಂದು ಮುಂಬಯಿಯ ಮೈದಾನಗಳಲ್ಲಿ ಕ್ಯಾಮೆರಾ ಹಿಡಿದು ಅಲೆಯುವವನಿಗೆ ಇವೆರಡೂ ಒಂದೇ ಪ್ರಶ್ನೆಯ ಎರಡು ಕೊನೆಗಳು ಎಂದು ತೋರತೊಡಗಿದೆ. ಹೇಗೆಂದು ಇಲ್ಲಿ ಬಿಡಿಸಿ ಹೇಳಲು ಯತ್ನಿಸುತ್ತೇನೆ.

ನೀತಿಯ ಮಾತಿಗೆ ಮೊದಲು ಸ್ವಲ್ಪ ಭೌತಶಾಸ್ತ್ರ. ಅದನ್ನು ಬಿಟ್ಟು ಹೇಳಿದ ನೀತಿ ಉಪದೇಶವಾಗುತ್ತದೆಯೇ ಹೊರತು ಉಪಯೋಗಕ್ಕೆ ಬರುವುದಿಲ್ಲ.

ಲೆನ್ಸಿನ ಮೇಲೆ ಬರೆದಿರುವ ಎಫ್ ಸಂಖ್ಯೆ ಒಂದು ಸರಳ ಭಾಗಾಕಾರ. ಲೆನ್ಸಿನ ಸಂಗಮದೂರವನ್ನು, ಅಂದರೆ ನಾವೆಲ್ಲ ಫೋಕಲ್ ಲೆಂತ್ ಎನ್ನುವುದನ್ನು, ಬೆಳಕು ಒಳಬರುವ ಕಿಂಡಿಯ ವ್ಯಾಸದಿಂದ ಭಾಗಿಸಿದರೆ ಬರುವ ಸಂಖ್ಯೆ ಅದು. 400 ಮಿಲಿಮೀಟರಿನ ಲೆನ್ಸ್ ಎಫ್ 2.8 ಆಗಬೇಕಾದರೆ ಆ ಕಿಂಡಿ ಸುಮಾರು 143 ಮಿಲಿಮೀಟರ್ ಅಗಲ ಇರಬೇಕು. ಹೋಟೆಲಿನ ತಿಂಡಿ ತಟ್ಟೆಯಷ್ಟು. ಎಫ್ 5.6 ಸಾಕು ಎಂದರೆ 71 ಮಿಲಿಮೀಟರ್ ಸಾಕು. ವ್ಯಾಸ ಅರ್ಧವಾದರೆ ವಿಸ್ತೀರ್ಣ ಕಾಲು ಭಾಗವಾಗುತ್ತದೆ, ಬೆಳಕೂ ಕಾಲು ಭಾಗವಾಗುತ್ತದೆ. ಆಟದ ಚಿತ್ರಕ್ಕೆ ಈ ಬೆಳಕೇ ಪ್ರಾಣ. ಓಡುವ ಆಟಗಾರನನ್ನು ಚೂಪಾಗಿ ಹಿಡಿಯಲು ಸೆಕೆಂಡಿನ 1/1000 ಭಾಗದಷ್ಟು ಚುರುಕಾದ ಶಟರ್ ಬೇಕು. ಬೆಳಕು ಕಾಲು ಭಾಗಕ್ಕಿಳಿದರೆ ಅದು 1/250ಕ್ಕೆ ಇಳಿಯುತ್ತದೆ. ಮುಖ ಉಳಿದೀತು, ಕೈಕಾಲು ಕಲಸಿಹೋಗುತ್ತವೆ. ಇಲ್ಲವೇ ಐಎಸ್‌ಒವನ್ನು 1600ರಿಂದ 6400ಕ್ಕೆ ಏರಿಸಬೇಕು; ಆಗ ಚಿತ್ರದ ತುಂಬ ರವೆ ಚೆಲ್ಲಿದಂತೆ ಕಾಣುತ್ತದೆ.

ಹೀಗಾಗಿ ದೊಡ್ಡ ಲೆನ್ಸಿನ ಬೆಲೆ ಕೇವಲ ಅಂಗಡಿಯವನ ದುರಾಸೆಯಲ್ಲ. ಅಷ್ಟಗಲದ, ಲೋಪವಿಲ್ಲದ ಗಾಜನ್ನು ಉಜ್ಜಿ ನಯಮಾಡಿ ಜೋಡಿಸುವುದು ಕಷ್ಟದ ಕೆಲಸ. ಹೆಸರಾಂತ ಕಂಪನಿಗಳ 400 ಮಿ.ಮೀ. ಎಫ್ 2.8 ಲೆನ್ಸಿಗೆ ಇಂದು ನಮ್ಮಲ್ಲಿ 10 ಲಕ್ಷ ರೂಪಾಯಿಗೂ ಮೇಲೆ ಬೆಲೆ. ಕ್ರೀಡಾ ಛಾಯಾಗ್ರಾಹಕರ ಅನ್ನದ ತಟ್ಟೆಯಾದ 70-200 ಎಫ್ 2.8 ಎರಡು ಲಕ್ಷದ ಆಸುಪಾಸು. ಸಿಗ್ಮಾ, ಟ್ಯಾಮ್ರಾನ್ ಕಂಪನಿಗಳ 150-600 ಲಕ್ಷದ ಹತ್ತಿರ. ಉದ್ದ ಇದೆ, ಆದರೆ ತುದಿಯಲ್ಲಿ ಎಫ್ 6.3, ಅಂದರೆ 2.8ಕ್ಕೆ ಹೋಲಿಸಿದರೆ ಬೆಳಕು ಐದನೇ ಒಂದು ಭಾಗ. ಹೊಸಬರ ಕ್ಯಾಮೆರಾಗಳಿಗೆಂದೇ ಇರುವ 55-250 ರೀತಿಯವು 20-25 ಸಾವಿರ; ಹಗಲಿನಲ್ಲಿ ಚೆನ್ನ, ಸಂಜೆ ಐದರ ನಂತರ ಕಣ್ಣು ಮಂಜು.

‘ಕುಣಿಯಲಾರದವಳು ನೆಲ ಡೊಂಕು ಎಂದಳಂತೆ’ ಎಂಬ ಗಾದೆಯನ್ನು ಲೆನ್ಸಿನ ಬಗ್ಗೆ ಗೊಣಗುವವರ ಬಾಯಿ ಮುಚ್ಚಿಸಲು ಬಳಸುವುದುಂಟು. ಚಿತ್ರ ತೆಗೆಯುವುದು ಕಣ್ಣು, ಲೆನ್ಸಲ್ಲ ಎಂದು ಹಿರಿಯರು ಹೇಳುತ್ತಾರೆ. ಹೇಳುವವರ ಚೀಲದಲ್ಲಿ ಸಾಮಾನ್ಯವಾಗಿ ಎರಡು ಲಕ್ಷದ ಲೆನ್ಸ್ ಇರುತ್ತದೆ. ಟ್ಯೂಬ್‌ಲೈಟಿನ ಒಳಾಂಗಣದಲ್ಲಿ ಸಂಜೆ ಏಳಕ್ಕೆ ನಡೆಯುವ ಕಬಡ್ಡಿಗೆ ಎಫ್ 5.6 ಲೆನ್ಸ್ ಹಿಡಿದು ನಿಂತ ಹುಡುಗನಿಗೆ ಕಣ್ಣು ಎಷ್ಟೇ ತೀಕ್ಷ್ಣವಾಗಿದ್ದರೂ ಚಿತ್ರ ಸಿಗುವುದಿಲ್ಲ. ಅಲ್ಲಿ ನೆಲ ನಿಜಕ್ಕೂ ಡೊಂಕು. ಬಡತನವನ್ನು ಪ್ರತಿಭೆಯ ಪರೀಕ್ಷೆಯೆಂದು ಹೊಗಳುವುದು ಇರುವವರಿಗೆ ಹಾಯಾದ ತತ್ವ. ಸಾಧನಕ್ಕೆ ಬೆಲೆಯೇ ಇಲ್ಲ ಎನ್ನುವ ನೀತಿಯನ್ನು ಹಾಗಾಗಿ ನಾನು ಒಪ್ಪಲಾರೆ.

ಆದರೆ ಇದೇ ಭೌತಶಾಸ್ತ್ರದಲ್ಲಿ ಇನ್ನೊಂದು ಬಾಗಿಲೂ ಇದೆ. ಪುರುಷರ ಕಬಡ್ಡಿ ಅಂಗಣ 13 ಮೀಟರ್ ಉದ್ದ, 10 ಮೀಟರ್ ಅಗಲ. ಮಹಿಳೆಯರದು 12ಕ್ಕೆ 8. ಮೂಲೆಯಲ್ಲಿ ನೆಲದ ಮೇಲೆ ಕೂತರೆ ದಾಳಿಗೆ ಬಂದವಳು ಆರೇಳು ಎಂಟು ಮೀಟರ್ ದೂರದಲ್ಲಿರುತ್ತಾಳೆ. ಚಿಕ್ಕ ಸೆನ್ಸರಿನ ಸಾಧಾರಣ ಕ್ಯಾಮೆರಾಕ್ಕೆ 85 ಮಿ.ಮೀ. ಎಫ್ 1.8 ಲೆನ್ಸ್ ಹಾಕಿದರೆ ಎಂಟು ಮೀಟರಿನಲ್ಲಿ ಚೌಕಟ್ಟು ಸುಮಾರು ಎರಡೂಕಾಲು ಮೀಟರ್ ಅಗಲ ಸಿಗುತ್ತದೆ; ಚಾಚಿದ ಕೈಯೂ ಸೇರಿ ಒಂದು ಇಡೀ ದೇಹ. ಆ ಲೆನ್ಸಿಗೆ ಹೊಸದಾದರೆ ಸುಮಾರು 40 ಸಾವಿರ, ಹಳೆಯದಾದರೆ ಅದಕ್ಕಿಂತ ಬಹಳ ಕಡಿಮೆ. ಎಫ್ 1.8ರಲ್ಲಿ ಬರುವ ಬೆಳಕು ಎಫ್ 5.6ರ ಹತ್ತಿರ ಹತ್ತು ಪಟ್ಟು. ಅಂದರೆ ಲಕ್ಷಗಟ್ಟಲೆ ಸುರಿದು ಕೊಳ್ಳುವ ಬೆಳಕನ್ನು ಇಲ್ಲಿ ಹತ್ತಿರ ಹೋಗುವುದರಿಂದ ಕೊಳ್ಳಬಹುದು.

ಕ್ರಿಕೆಟ್ಟಿನಲ್ಲಿ ಈ ಲೆಕ್ಕ ನಡೆಯುವುದಿಲ್ಲ. ಬೌಂಡರಿಯಿಂದ ಬ್ಯಾಟುಗಾರ 70 ಮೀಟರ್ ದೂರ ಎಂದುಕೊಳ್ಳಿ. ಕ್ಯಾಮೆರಾವನ್ನು ಲಂಬವಾಗಿ ಹಿಡಿದರೂ 250 ಮಿ.ಮೀ. ಲೆನ್ಸಿನಲ್ಲಿ ಅವನು ಚೌಕಟ್ಟಿನ ಕಾಲು ಭಾಗ ಮಾತ್ರ ತುಂಬುತ್ತಾನೆ. 600ರಲ್ಲಿ ಅರ್ಧಕ್ಕಿಂತ ಹೆಚ್ಚು. ಒಳಗೆ ಹೋಗಿ ನಿಲ್ಲುವಂತಿಲ್ಲ. ದೂರ ಅಲ್ಲಿ ಆಟದ ನಿಯಮ. ಆದರೂ 24 ಮೆಗಾಪಿಕ್ಸೆಲ್ ಚಿತ್ರವನ್ನು ಉದ್ದಗಲ ಎರಡರಲ್ಲೂ ಅರ್ಧಕ್ಕೆ ಕತ್ತರಿಸಿದರೆ 6 ಮೆಗಾಪಿಕ್ಸೆಲ್ ಉಳಿಯುತ್ತದೆ. ಹತ್ತಿಂಚಿನ ಮುದ್ರಣಕ್ಕೆ ಅದು ಸಾಕು. ‘ಸಾಕು’ ಎನ್ನುವುದು ಚಿತ್ರ ಎಲ್ಲಿಗೆ ಹೋಗುತ್ತದೆ ಎಂಬುದನ್ನು ಅವಲಂಬಿಸಿದ ಮಾತು. ರಸ್ತೆಬದಿಯ ಹೋರ್ಡಿಂಗಿಗೆ ಸಾಲದ್ದು ಒಬ್ಬ ಹುಡುಗನ ಮನೆಯ ಗೋಡೆಗೆ ಧಾರಾಳ.

ಇಲ್ಲಿಂದ ನೀತಿಯ ಪ್ರಶ್ನೆ ಆರಂಭವಾಗುತ್ತದೆ. ಹತ್ತಿರ ಹೋಗುವುದು ಪುಕ್ಕಟೆಯಲ್ಲ. ಅದರ ಬೆಲೆ ಬೇರೆ ನಾಣ್ಯದಲ್ಲಿದೆ. ಅಂಗಣದ ಮೂಲೆಯಲ್ಲಿ ಕೂರಬೇಕಾದರೆ ತರಬೇತುದಾರರನ್ನು ಕೇಳಬೇಕು. ಎಲ್ಲಿಂದ ಬಂದಿರಿ, ಯಾಕೆ ತೆಗೆಯುತ್ತೀರಿ, ಚಿತ್ರ ಎಲ್ಲಿ ಹಾಕುತ್ತೀರಿ ಎಂಬುದಕ್ಕೆ ಉತ್ತರ ಕೊಡಬೇಕು. ಹೆಸರು ಹೇಳಬೇಕು. ಮೈಗೆ ಮಣ್ಣು ಸಿಡಿಯುತ್ತದೆ, ಒಮ್ಮೊಮ್ಮೆ ಆಟಗಾರರೇ ಮೈಮೇಲೆ ಬೀಳುತ್ತಾರೆ. ಎಲ್ಲಕ್ಕಿಂತ ಮುಖ್ಯವಾಗಿ, ನೀವು ನೋಡುತ್ತಿರುವವರು ನಿಮ್ಮನ್ನೂ ನೋಡುತ್ತಾರೆ. ಬೇಡ ಎಂದು ಕೈ ಅಡ್ಡ ಹಿಡಿಯುವ ಅವಕಾಶ ಅವರಿಗಿರುತ್ತದೆ. ಉದ್ದ ಲೆನ್ಸ್ ಈ ಎಲ್ಲ ಕೇಳುವಿಕೆಯಿಂದ ವಿನಾಯಿತಿ ಕೊಡುತ್ತದೆ. ಮೈದಾನದ ಆಚೆಯ ಕಟ್ಟೆಯ ಮೇಲೆ ಕೂತು, ಯಾರಿಗೂ ತಿಳಿಯದಂತೆ, ಯಾರ ಮುಖವನ್ನೂ ಎಳೆದುಕೊಳ್ಳಬಹುದು. ನಾವು ಲಕ್ಷ ಕೊಟ್ಟು ಕೊಳ್ಳುವುದು ಗಾಜನ್ನಷ್ಟೇ ಅಲ್ಲ, ಈ ವಿನಾಯಿತಿಯನ್ನೂ ಕೊಳ್ಳುತ್ತೇವೆ. ಬೆಲೆಪಟ್ಟಿಯಲ್ಲಿ ಅದರ ಉಲ್ಲೇಖ ಇರುವುದಿಲ್ಲ.

ಹಾಗೆಂದು ಹತ್ತಿರವೇ ಧರ್ಮ, ದೂರವೇ ಅಧರ್ಮ ಎಂದು ಗೆರೆ ಎಳೆಯುವುದು ಸುಲಭದ ತಪ್ಪಾದೀತು. ಹತ್ತಿರವೂ ಹಿಂಸೆಯಾಗಬಲ್ಲದು. ಕೊನೆಯ ದಾಳಿಯಲ್ಲಿ ಸಿಕ್ಕಿಬಿದ್ದು ಪಂದ್ಯ ಸೋತ ಹುಡುಗಿ ಮೊಣಕಾಲಿಗೆ ಮುಖ ಒತ್ತಿ ಕೂತಿರುವಾಗ ಎರಡಡಿ ದೂರದಲ್ಲಿ ಕ್ಯಾಮೆರಾ ಹಿಡಿದು ಬಗ್ಗುವವನು ಅವಳಿಗೆ ಅಳುವ ಜಾಗವನ್ನೂ ಉಳಿಸುವುದಿಲ್ಲ. ಬಾಣ ಬಿಡುವ ಬಿಲ್ಲುಗಾತಿಗೆ, ಉದ್ದ ಜಿಗಿತಕ್ಕೆ ಓಡಿಬರುವವನಿಗೆ ಬದಿಯಲ್ಲಿ ನಿಂತವನ ಸದ್ದು ಏಕಾಗ್ರತೆ ಕೆಡಿಸುತ್ತದೆ. ಅಲ್ಲಿ ದೂರ ನಿಲ್ಲುವುದೇ ಗೌರವ. ಹಾಗಾಗಿ ಮೀಟರಿನಲ್ಲಿ ಅಳೆಯುವ ದೂರದಿಂದ ಏನೂ ತೀರ್ಮಾನವಾಗುವುದಿಲ್ಲ. ನಾನು ಹೊಸಬರಿಗೆ ಹೇಳುವ ಪರೀಕ್ಷೆ ಎರಡು ಪ್ರಶ್ನೆಗಳದ್ದು. ಈ ಚಿತ್ರವನ್ನು ಅದರಲ್ಲಿರುವವರಿಗೇ ತೋರಿಸಬಲ್ಲೆಯಾ? ತೋರಿಸುವಾಗ, ತೆಗೆದದ್ದು ಎಲ್ಲಿ ನಿಂತು ಎಂದು ಹೇಳಬಲ್ಲೆಯಾ? ಎರಡಕ್ಕೂ ಹೌದು ಎಂದಾದರೆ ಲೆನ್ಸ್ 85 ಇರಲಿ 600 ಇರಲಿ, ಚಿಂತೆಯಿಲ್ಲ. ಒಂದಕ್ಕೆ ಇಲ್ಲ ಎಂದಾದರೂ ಗುಂಡಿ ಒತ್ತಬಾರದು.

ಈ ಪರೀಕ್ಷೆ ಬೇಕಾಗುವುದು ಹೆಚ್ಚಾಗಿ ಹುಡುಗಿಯರ ಆಟದಲ್ಲಿ. ಆಟದ ದೇಹ ತನ್ನನ್ನು ತಾನು ಕಾಯ್ದುಕೊಳ್ಳದ ದೇಹ. ಅದು ಬಗ್ಗುತ್ತದೆ, ಉರುಳುತ್ತದೆ, ಬಟ್ಟೆ ಸರಿಯುತ್ತದೆ. ಸೆಕೆಂಡಿಗೆ ಹತ್ತಿಪ್ಪತ್ತು ಚಿತ್ರ ತೆಗೆಯುವ ಕ್ಯಾಮೆರಾದಲ್ಲಿ ಆಟದ್ದಲ್ಲದ ಕ್ಷಣಗಳೂ ಬಂದು ಬೀಳುತ್ತವೆ. 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸಿನಲ್ಲಿ ಜರ್ಮನಿಯ ಮಹಿಳಾ ಜಿಮ್ನಾಸ್ಟರು ಕಣಕಾಲಿನವರೆಗೆ ಮುಚ್ಚುವ ಉಡುಪು ತೊಟ್ಟು ಬಂದರು. ನಮ್ಮ ದೇಹವನ್ನು ಹೇಗೆ ತೋರಿಸಬೇಕೆಂಬುದು ನಮ್ಮ ಆಯ್ಕೆ ಎಂಬುದು ಅವರ ಮಾತಾಗಿತ್ತು. ಅವರು ಅಷ್ಟು ದೊಡ್ಡ ವೇದಿಕೆಯಲ್ಲಿದ್ದುದರಿಂದ ಜಗತ್ತು ಕೇಳಿಸಿಕೊಂಡಿತು. ಉಪನಗರದ ಶಾಲಾ ಮೈದಾನದಲ್ಲಿ ಖೋಖೋ ಆಡುವ ಹದಿನಾಲ್ಕರ ಹುಡುಗಿಗೆ ಅಂಥ ವೇದಿಕೆಯಿಲ್ಲ. ಅವಳ ಪರವಾಗಿ ಅಳಿಸುವ ಗುಂಡಿಯನ್ನು ಒತ್ತಬೇಕಾದವನು ಚಿತ್ರ ತೆಗೆದವನೇ.

ಲೆನ್ಸಿನ ಆಯ್ಕೆಗೆ ಸಂಬಂಧಿಸಿದ ಇನ್ನೊಂದು ಮಾತು ನಮ್ಮ ಪುರಾಣದಲ್ಲಿದೆ. ದ್ರೋಣರು ಮರದ ಮೇಲಿನ ಹಕ್ಕಿಯನ್ನು ತೋರಿಸಿ ಏನು ಕಾಣುತ್ತದೆ ಎಂದು ಶಿಷ್ಯರನ್ನು ಕೇಳಿದ ಕಥೆ ಎಲ್ಲರಿಗೂ ಗೊತ್ತು. ಉಳಿದವರಿಗೆ ಮರ, ಕೊಂಬೆ, ಅಣ್ಣತಮ್ಮಂದಿರು, ಗುರು ಎಲ್ಲ ಕಂಡರು. ಅರ್ಜುನನಿಗೆ ಹಕ್ಕಿಯ ಹೊರತು ಬೇರೇನೂ ಕಾಣಲಿಲ್ಲ. ಬಾಣ ಬಿಡುವವನಿಗೆ ಅದು ಸರಿಯಾದ ಪಾಠ. ಆದರೆ ಚಿತ್ರ ತೆಗೆಯುವವನು ಬಾಣ ಬಿಡುವವನಲ್ಲ. 600 ಮಿ.ಮೀ. ಲೆನ್ಸ್ ನಮ್ಮನ್ನು ಅರ್ಜುನರನ್ನಾಗಿಸುತ್ತದೆ: ಬ್ಯಾಟು ಎತ್ತಿದವನ ಮುಖ ಸಿಕ್ಕಿತು, ಆದರೆ ಅದೇ ಕ್ಷಣ ಚೆಂಡನ್ನು ಬೆನ್ನಟ್ಟಿ ಬಿದ್ದ ಫೀಲ್ಡರ್, ತಲೆ ತಗ್ಗಿಸಿದ ಬೌಲರ್, ಬದಿಯಲ್ಲಿ ಎದ್ದು ನಿಂತ ಅಪ್ಪ ಚೌಕಟ್ಟಿನ ಹೊರಗೆ ಉಳಿದರು. ಅನುಭವಿ ಕ್ರೀಡಾ ಛಾಯಾಗ್ರಾಹಕರು ಒಂದು ಕಣ್ಣನ್ನು ಕ್ಯಾಮೆರಾಕ್ಕೆ ಕೊಟ್ಟು ಇನ್ನೊಂದನ್ನು ತೆರೆದೇ ಇಟ್ಟುಕೊಳ್ಳುವ ಅಭ್ಯಾಸ ಮಾಡಿಕೊಂಡಿರುತ್ತಾರೆ. ಹಕ್ಕಿಯೂ ಬೇಕು, ಮರವೂ ಬೇಕು.

ದೂರದ ಬೆಟ್ಟ ನುಣ್ಣಗೆ ಎನ್ನುವ ಮಾತನ್ನು ಉದ್ದ ಲೆನ್ಸ್ ಸುಳ್ಳು ಮಾಡುತ್ತದೆ ಎಂದು ಅನ್ನಿಸಬಹುದು. ಅದು ಬೆಟ್ಟದ ಕಲ್ಲುಮುಳ್ಳನ್ನೂ ತೋರಿಸುತ್ತದಲ್ಲ. ಆದರೆ ಅದು ಬೇರೊಂದು ಬಗೆಯ ನುಣುಪನ್ನು ತರುತ್ತದೆ. ಹಿನ್ನೆಲೆಯನ್ನೆಲ್ಲ ಕರಗಿಸಿ ಬಣ್ಣದ ಮಂಜು ಮಾಡಿಬಿಡುತ್ತದೆ. ಊರು ಬಿಟ್ಟ ನಮಗೆ ಈ ನೋಟ ಹೊಸತಲ್ಲ. ಮುಂಬಯಿಯಲ್ಲೋ ಪುಣೆಯಲ್ಲೋ ಕೂತು ನಾವು ಊರಿನ ಜಾತ್ರೆಯನ್ನು, ತೋಟವನ್ನು, ಅಜ್ಜಿಯ ಮುಖವನ್ನು ಹೀಗೆಯೇ ಚೂಪಾಗಿ ಕಾಣುತ್ತೇವೆ. ಸುತ್ತಲಿನ ಸಾಲ, ಜಗಳ, ಬತ್ತಿದ ಬಾವಿ ಮಂಜಾಗಿರುತ್ತವೆ. ಛಾಯಾಗ್ರಹಣದ ಒಂದು ನಿಯಮ ಇಲ್ಲಿ ನೆನಪಿಡಬೇಕಾದದ್ದು: ದೂರದ ವಸ್ತುಗಳನ್ನು ಒತ್ತಿ ಒಂದರ ಮೇಲೊಂದು ಕೂರಿಸಿದಂತೆ ತೋರಿಸುವುದು ಲೆನ್ಸ್ ಎಂದು ನಾವು ಭಾವಿಸುತ್ತೇವೆ. ವಾಸ್ತವದಲ್ಲಿ ಹಾಗೆ ತೋರಿಸುವುದು ನಾವು ನಿಂತ ಜಾಗ. ಅದೇ ಜಾಗದಿಂದ ಚಿಕ್ಕ ಲೆನ್ಸಿನಲ್ಲಿ ತೆಗೆದು ನಡುವಿನ ಭಾಗವನ್ನು ಕತ್ತರಿಸಿ ಹಿಗ್ಗಿಸಿದರೂ ಅದೇ ಒತ್ತಡ ಕಾಣುತ್ತದೆ. ಲೆನ್ಸ್ ಬದಲಿಸಿದರೆ ಚೌಕಟ್ಟು ಬದಲಾಗುತ್ತದೆ. ನೋಟ ಬದಲಾಗಬೇಕಾದರೆ ಕಾಲು ಕೀಳಬೇಕು.

ಇನ್ನು ದುಡ್ಡಿನ ಮಾತು. ನನ್ನ ಪರಿಚಯದ, ಡೊಂಬಿವಲಿಯ ಯುವಕನೊಬ್ಬ ಲೆಕ್ಕಪತ್ರದ ಕಚೇರಿಯೊಂದರಲ್ಲಿ ಕೆಲಸ ಮಾಡುತ್ತಾನೆ. ಅಪ್ಪ ಹೋಟೆಲಿನ ಗಲ್ಲಾದಲ್ಲಿ ಮೂವತ್ತು ವರ್ಷ ಕೂತು ನಿವೃತ್ತರಾದವರು. ಅವನ ಬಳಿ ಒಂದು ಲಕ್ಷದ ಠೇವಣಿ ಇತ್ತು. ಬರುವ ಜೂನಿಗೆ ತಂಗಿಯ ನರ್ಸಿಂಗ್ ಕಾಲೇಜಿನ ಶುಲ್ಕ ಕಟ್ಟಬೇಕಿತ್ತು. ಠೇವಣಿ ಮುರಿದು 150-600 ಕೊಳ್ಳಲೇ, ತಂಗಿಯ ಶುಲ್ಕವನ್ನು ಆಮೇಲೆ ಕಂತಿನಲ್ಲಿ ನೋಡಿಕೊಳ್ಳಬಹುದಲ್ಲ ಎಂದು ಕೇಳಿದ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದು ಹೇಳಿ ಕಳಿಸಬಹುದಿತ್ತು. ಆದರೆ ಆ ಗಾದೆಯಲ್ಲಿ ಒಂದು ಕೊರತೆಯಿದೆ: ಹಾಸಿಗೆ ಒಬ್ಬನದೇ ಎಂದು ಅದು ಭಾವಿಸುತ್ತದೆ. ನಮ್ಮ ಮನೆಗಳಲ್ಲಿ ಒಂದು ಹಾಸಿಗೆಯ ಮೇಲೆ ನಾಲ್ಕು ಜನ ಮಲಗಿರುತ್ತಾರೆ. ಒಬ್ಬನ ಕಾಲು ಚಾಚಿದರೆ ಇನ್ನೊಬ್ಬರ ಕಾಲು ನೆಲಕ್ಕೆ ತಾಗುತ್ತದೆ.

ಹಾಗಾದರೆ ‘ಕೈಗೆಟುಕುವುದು’ ಎಂದರೆ ಬ್ಯಾಂಕಿನಲ್ಲಿ ಅಷ್ಟು ಹಣ ಇದೆ ಎಂದಲ್ಲ. ಆ ಹಣದ ಮೇಲೆ ಬೇರೆ ಯಾರ ಕೈ ಈಗಾಗಲೇ ಇದೆ ಎಂದು ನೋಡಿ ಉಳಿದದ್ದು. ಆ ಠೇವಣಿಯ ಮೇಲೆ ತಂಗಿಯ ಕೈ ಇತ್ತು. ಕೊಟ್ಟ ಮಾತಿನ ಹಣದಲ್ಲಿ ಕೊಂಡ ಲೆನ್ಸ್ ಅಗ್ಗವಾದರೂ ದುಬಾರಿ. ಅದೇ ವೇಳೆ, ಹವ್ಯಾಸಕ್ಕೆ ಖರ್ಚು ಮಾಡುವುದೇ ಸ್ವಾರ್ಥ ಎನ್ನುವುದನ್ನೂ ಒಪ್ಪಲಾಗದು. ವಾರವಿಡೀ ಇನ್ನೊಬ್ಬರ ಲೆಕ್ಕ ಬರೆಯುವವನಿಗೆ ಭಾನುವಾರದ ಆ ನಾಲ್ಕು ಗಂಟೆಗಳೇ ತಾನು ಯಾರು ಎಂದು ನೆನಪಿಸುವ ಹೊತ್ತು. ಅದಕ್ಕೂ ಒಂದು ಹಕ್ಕಿದೆ. ನ್ಯಾಯ ಎಂದರೆ ಎರಡು ಹಕ್ಕುಗಳಲ್ಲಿ ಒಂದನ್ನು ಕೊಲ್ಲುವುದಲ್ಲ, ಕಾಯಬಲ್ಲದ್ದು ಯಾವುದು ಎಂದು ಗುರುತಿಸುವುದು. ಕಾಲೇಜಿನ ಶುಲ್ಕದ ದಿನಾಂಕ ಕಾಯುವುದಿಲ್ಲ. 600 ಮಿಲಿಮೀಟರ್ ಕಾಯುತ್ತದೆ.

ನಾನು ಅವನಿಗೆ ಕೇಳಿದ್ದು ಇಷ್ಟೇ: ಯಾವ ಆಟ ತೆಗೆಯುತ್ತೀ, ಎಲ್ಲಿ ನಿಲ್ಲುತ್ತೀ? ಮುಕ್ಕಾಲು ಪಾಲು ತನ್ನ ಬಡಾವಣೆಯ ಕಬಡ್ಡಿ ಎಂದ. ಹಾಗಿದ್ದರೆ ಅವನಿಗೆ ಬೇಕಾದದ್ದು ಉದ್ದವಲ್ಲ, ಬೆಳಕು. ಹಳೆಯ 85 ಎಫ್ 1.8 ಒಂದು ಅವನ ತಿಂಗಳ ಉಳಿತಾಯದೊಳಗೇ ಸಿಕ್ಕಿತು. ಹಳೆಯ ಲೆನ್ಸ್ ಕೊಳ್ಳುವಾಗ ನೋಡಬೇಕಾದ್ದನ್ನು ನೋಡಿಕೊಂಡೆವು: ಹಿಂದಿನಿಂದ ಟಾರ್ಚ್ ಬಿಟ್ಟು ಗಾಜಿನೊಳಗೆ ಜೇಡರ ಬಲೆಯಂಥ ಬೂಸ್ಟು ಹಿಡಿದಿದೆಯೇ, ಕಿಂಡಿಯ ಎಲೆಗಳ ಮೇಲೆ ಎಣ್ಣೆ ಇದೆಯೇ, ಫೋಕಸ್ ತಡವರಿಸುತ್ತದೆಯೇ. ಮುಂಬಯಿಯ ಮಳೆಗಾಲದ ತೇವದಲ್ಲಿ ಬೂಸ್ಟು ಲೆನ್ಸಿನ ದೊಡ್ಡ ಶತ್ರು. ಗಾಳಿಯಾಡದ ಡಬ್ಬಿ, ಒಣಗಿಸಿದ ಸಿಲಿಕಾ ಜೆಲ್ ಇಲ್ಲದಿದ್ದರೆ ಹತ್ತು ಲಕ್ಷದ ಗಾಜೂ ಉಳಿಯುವುದಿಲ್ಲ. ಕ್ರಿಕೆಟ್ ಇದ್ದ ಭಾನುವಾರಗಳಿಗೆ ಉದ್ದ ಲೆನ್ಸನ್ನು ದಿನದ ಬಾಡಿಗೆಗೆ ತರುತ್ತಾನೆ. ತಂಗಿಯ ಶುಲ್ಕ ಜೂನಿನಲ್ಲಿ ಕಟ್ಟಿಯಾಯಿತು. 150-600ರ ಆಸೆ ಹೋಗಿಲ್ಲ. ಹೋಗಬೇಕೆಂದು ನಾನೂ ಹೇಳುವುದಿಲ್ಲ.

ಇಷ್ಟು ಹೇಳಿದ ಮೇಲೂ ಒಂದು ಪ್ರಶ್ನೆ ಉಳಿಯುತ್ತದೆ. ಅಗ್ಗದ ಲೆನ್ಸ್ ಯಾಕೆ ಮುಖ್ಯ? ದೊಡ್ಡ ಪಂದ್ಯಗಳನ್ನು ದೊಡ್ಡ ಲೆನ್ಸಿನವರು ತೆಗೆಯುತ್ತಾರೆ, ನಾವು ನೋಡಿದರೆ ಸಾಲದೇ?

1983ರ ಜೂನ್ 18ರಂದು ಇಂಗ್ಲೆಂಡಿನ ಟನ್‌ಬ್ರಿಜ್ ವೆಲ್ಸಿನಲ್ಲಿ ಜಿಂಬಾಬ್ವೆ ವಿರುದ್ಧ ಭಾರತ 17 ರನ್ನಿಗೆ 5 ವಿಕೆಟ್ ಕಳೆದುಕೊಂಡಿತ್ತು. ಕಪಿಲ್ ದೇವ್ ಔಟಾಗದೆ 175 ಹೊಡೆದರು. ನಮ್ಮ ಸೈಯದ್ ಕಿರ್ಮಾನಿ ಔಟಾಗದೆ 24 ಮಾಡಿ, ಒಂಬತ್ತನೇ ವಿಕೆಟ್ಟಿಗೆ ಮುರಿಯದ 126 ರನ್ನಿನ ಜೊತೆಯಾಟ ಕೊಟ್ಟು ಇನ್ನೊಂದು ತುದಿಯಲ್ಲಿ ನಿಂತಿದ್ದರು. ಆ ಇನ್ನಿಂಗ್ಸಿನ ಟಿವಿ ದೃಶ್ಯ ಇಲ್ಲ. ಉಳಿದಿರುವುದು ಅಂಕಪಟ್ಟಿ, ಕಂಡವರ ಮಾತು ಮತ್ತು ಕೆಲವು ಛಾಯಾಚಿತ್ರಗಳು. ಬೌಂಡರಿಯಾಚೆ ಕ್ಯಾಮೆರಾ ಹಿಡಿದು ಯಾರೋ ಇದ್ದುದರಿಂದ ಅಷ್ಟಾದರೂ ಉಳಿಯಿತು. ವಿಶ್ವಕಪ್ಪಿನ ಪಂದ್ಯವೇ ಅಷ್ಟು ಅಂಚಿನಲ್ಲಿ ಉಳಿದುಕೊಂಡಿತೆಂದರೆ ಉಳಿದ ಆಟಗಳ ಪಾಡೇನು?

ಲಾಲ್‌ಬಾಗ್, ಪರೇಲ್‌ಗಳ ಗಿರಣಿ ಕಾರ್ಮಿಕರು ಪಾಳಿ ಮುಗಿಸಿ ಬಂದು ಆಡುತ್ತಿದ್ದ ಕಬಡ್ಡಿ ಈ ನಗರದ ಆಟವಾಗಿತ್ತು. 1982ರ ಮುಷ್ಕರದ ನಂತರ ಗಿರಣಿಗಳು ಒಂದೊಂದಾಗಿ ನಿಂತುಹೋದವು, ಚಾಳುಗಳ ಜಾಗದಲ್ಲಿ ಗೋಪುರಗಳು ಬಂದವು. 2014ರಲ್ಲಿ ಪ್ರೊ ಕಬಡ್ಡಿಯ ಮೊದಲ ಪಂದ್ಯ ಅಲ್ಲಿಂದ ಹೆಚ್ಚು ದೂರವಲ್ಲದ ವರ್ಲಿಯಲ್ಲಿ, ಝಗಮಗಿಸುವ ದೀಪಗಳ ಕೆಳಗೆ ನಡೆಯಿತು; ಹತ್ತಾರು ಕ್ಯಾಮೆರಾಗಳು ಅದನ್ನು ಎಲ್ಲ ಕೋನಗಳಿಂದ ನೋಡಿದವು. ಗಿರಣಿಯ ಅಂಗಳದಲ್ಲಿ ಆಡಿದವರನ್ನು ನೋಡಿದ ಕ್ಯಾಮೆರಾಗಳು ತೀರಾ ಕಡಿಮೆ. ಅವರ ಆಟ ಕಳಪೆಯಾಗಿತ್ತೆಂದಲ್ಲ. ನೋಡುವ ಸಾಧನ ದುಬಾರಿಯಾದಾಗ, ಅಷ್ಟು ಖರ್ಚಿಗೆ ತಕ್ಕವರು ಎಂದು ಮಾರುಕಟ್ಟೆ ಒಪ್ಪಿದವರು ಮಾತ್ರ ನೋಡಲ್ಪಡುತ್ತಾರೆ. ಅಗ್ಗದ ಲೆನ್ಸಿಗೆ ನ್ಯಾಯದ ಜೊತೆ ಸಂಬಂಧ ಬರುವುದು ಇಲ್ಲಿ. ಕಾಂಗಾ ಲೀಗ್ 1948ರಿಂದ ಮಳೆಗಾಲದ ಕೆಸರಿನಲ್ಲಿ ನಡೆದುಬಂದಿದೆ. ಆಜಾದ್ ಮೈದಾನದಲ್ಲಿ ಒಂದು ಪಂದ್ಯದ ಫೀಲ್ಡರ್ ಇನ್ನೊಂದು ಪಂದ್ಯದ ಅಂಪೈರ್ ಪಕ್ಕ ನಿಂತಿರುತ್ತಾನೆ. ಅಲ್ಲಿ ಆಡುವ ನೂರರಲ್ಲಿ ತೊಂಬತ್ತೊಂಬತ್ತು ಹುಡುಗರು ಯಾವ ಪತ್ರಿಕೆಗೂ ಬರುವುದಿಲ್ಲ. ಅವರ ಒಂದು ಒಳ್ಳೆಯ ಕವರ್ ಡ್ರೈವಿಗೆ ಸಾಕ್ಷಿ ಬೇಕಾದರೆ 20 ಸಾವಿರದ ಲೆನ್ಸ್ ಹಿಡಿದ ಯಾರೋ ಒಬ್ಬರು ಅಲ್ಲಿರಬೇಕು.

ಹೀಗಿರುವಾಗ ಒಂದು ಸಲಹೆ ಕೊಡಬಹುದೆನಿಸುತ್ತದೆ. ಹೊರನಾಡಿನ ನಮ್ಮ ಸಂಘಗಳು ಹಲವು ದಶಕಗಳಿಂದ ಗ್ರಂಥಾಲಯ ನಡೆಸಿವೆ. ಒಬ್ಬೊಬ್ಬರೂ ಕೊಳ್ಳಲಾರದ ಪುಸ್ತಕವನ್ನು ಎಲ್ಲರೂ ಸೇರಿ ಕೊಂಡು, ಹೆಸರು ಬರೆದು, ಹದಿನೈದು ದಿನಕ್ಕೆ ಮನೆಗೆ ಕೊಟ್ಟು ಕಳಿಸಿದ್ದೇವೆ. ಅದೇ ಕಪಾಟಿನ ಪಕ್ಕದಲ್ಲಿ ಒಂದು ಒಣಡಬ್ಬಿ, ಅದರೊಳಗೆ ಒಂದು 70-200 ಇರಬಾರದೇ? ಎರಡು ಲಕ್ಷ ಒಬ್ಬ ಗುಮಾಸ್ತನಿಗೆ ಎಟುಕದು. ನಲವತ್ತು ಜನ ತಲಾ ಐದು ಸಾವಿರ ಹಾಕಿದರೆ ಎಟುಕುತ್ತದೆ. ವಾರ್ಷಿಕ ಕ್ರೀಡಾಕೂಟದ ಹಗ್ಗಜಗ್ಗಾಟಕ್ಕೂ, ರಾತ್ರಿ ಶಾಲೆಯ ಹುಡುಗರ ಕಬಡ್ಡಿಗೂ ಅದು ಹೋಗಬಹುದು. ಯಾರು ಒಯ್ದರು, ಯಾರ ಆಟ ತೆಗೆದರು ಎಂದು ದಾಖಲೆ ಪುಸ್ತಕದಲ್ಲಿ ಬರೆಯಲಿ. ಒಂದೇ ಷರತ್ತು ಸಾಕು: ಲೆನ್ಸ್ ಹಿಂದಿರುಗಿಸುವ ದಿನದೊಳಗೆ, ಚಿತ್ರದಲ್ಲಿದ್ದವರಿಗೆ ಚಿತ್ರ ತಲುಪಿರಬೇಕು.

ಈ ಷರತ್ತು ಸ್ವಂತ ಲೆನ್ಸಿಗೂ ಅನ್ವಯಿಸುತ್ತದೆ. ಯಾವ ಲೆನ್ಸ್ ಕೊಳ್ಳಲಿ ಎಂಬ ಪ್ರಶ್ನೆಯನ್ನು ನಾವು ಸಾಮಾನ್ಯವಾಗಿ ಮೊದಲು ಕೇಳುತ್ತೇವೆ. ಯಾರ ಆಟ, ಎಲ್ಲಿ ನಿಲ್ಲುವುದು, ಯಾರನ್ನು ಕೇಳಿ ನಿಲ್ಲುವುದು, ಚಿತ್ರ ಕೊನೆಗೆ ಯಾರ ಕೈ ಸೇರುವುದು ಎಂದು ಕೇಳಿಕೊಂಡ ಮೇಲೆ ಅದನ್ನು ಕೇಳಿದರೆ ಉತ್ತರ ಬಹುಪಾಲು ತಾನಾಗಿ ಬರುತ್ತದೆ, ಮತ್ತು ಹೆಚ್ಚಿನ ಸಲ ಅದು ಅಂಗಡಿಯವನು ತೋರಿಸಿದ್ದಕ್ಕಿಂತ ಚಿಕ್ಕದಾಗಿರುತ್ತದೆ. ಬರುವ ಭಾನುವಾರ ಮೈದಾನಕ್ಕೆ ಹೋಗುವವರು ಚೀಲದಲ್ಲಿ ಒಂದು ಸಣ್ಣ ನೋಟುಪುಸ್ತಕವನ್ನೂ ಇಟ್ಟುಕೊಳ್ಳಿ. ಯಾರ ಚಿತ್ರ ತೆಗೆದಿರೋ ಅವರ ಹೆಸರನ್ನೂ, ಚಿತ್ರ ಎಲ್ಲಿಗೆ ಕಳಿಸಬೇಕೆಂಬುದನ್ನೂ ಅವರ ಕೈಯಿಂದಲೇ ಬರೆಸಿಕೊಳ್ಳಿ. ಅದಕ್ಕಾಗಿಯಾದರೂ ನೀವು ಅವರಿದ್ದಲ್ಲಿಗೆ ನಡೆದು ಹೋಗಬೇಕಾಗುತ್ತದೆ.